ಎಲೆ ಮಗುಚುವ ಕುಸುಮ ಟೀಚರ್

ಕುಸುಮ ಟೀಚರಿಗೆ ಎಲೆಯ ಮೇಲ್ಭಾಗದಲ್ಲಿ ನಂಬಿಕೆ ಇರಲಿಲ್ಲ. ಬೇಲಿಯ ದಾಸವಾಳವಿರಲಿ, ಯಾರದೋ ಅಂಗಳದ ಅಲಸಂಡೆ ಬಳ್ಳಿಯಿರಲಿ, ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ತಲೆ ಹೊರಗೆ ಹಾಕಿದ ಹರಿವೆ ಸೊಪ್ಪಿರಲಿ, ಮಗುಚಿ ಅದರ ಅಡಿಭಾಗ ನೋಡಿದ ಮೇಲೆಯೇ ಅವರಿಗೆ ಸಮಾಧಾನ. "ಮೇಲಿನದ್ದು ಊರಿಗೆ ತೋರಿಸ್ಲಿಕ್ಕೆ ಇರುದು. ನಿಜ ವಿಷಯ ಎಲ್ಲ ಅಡಿಯಲ್ಲಿ ಉಂಟು" ಎನ್ನುತ್ತಿದ್ದರು. ನೋಡಿ, ಏನೂ ಸಿಗದಿದ್ದರೆ "ಎಂತದೂ ಇಲ್ಲ" ಎಂದು ಎಲೆಯನ್ನು ಬಿಡುವರು. ಆ ಮಾತಿನಲ್ಲಿ ಒಂದು ಸಣ್ಣ ನಿರಾಶೆ ಇರುತ್ತಿತ್ತು. ಅದನ್ನು ಅಡಗಿಸಲು ಅವರು ಪ್ರಯತ್ನ ಪಡುತ್ತಿದ್ದರು, ಆಗುತ್ತಿರಲಿಲ್ಲ.

ಕಡಬದಲ್ಲಿ ಒಂದು ಮದುವೆ ಊಟಕ್ಕೆ ನಾನು ಅವರ ಎದುರು ಸಾಲಿನಲ್ಲಿ ಕೂತಿದ್ದೆ. ಬಾಳೆ ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದಾಗಿತ್ತು. ಟೀಚರ್ ಅತ್ತಿತ್ತ ನೋಡಿ, ಎಡಗೈಯಿಂದ ಮೆಲ್ಲಗೆ ಎಲೆಯ ತುದಿ ಎತ್ತಿ ಬಗ್ಗಿ ನೋಡಿದರು. ಕೋಸಂಬರಿ ಜಾರಿ ಪಕ್ಕದಲ್ಲಿದ್ದ ಅವರ ಯಜಮಾನರ ಎಲೆಗೆ ಹೋಯಿತು. ಯಜಮಾನರು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ತಾಳ್ಮೆಗೆ ಕೊರತೆ ಇಲ್ಲದವರು.

"ಇದು ಉಣ್ಣುವ ಎಲೆ ಮಾರಾಯ್ತಿ. ಇದನ್ನಾದ್ರೂ ಬಿಡು" ಎಂದರು.

ಸಾರಿನ ಬಾಲ್ದಿ ಹಿಡಿದು ನಿಂತಿದ್ದವನು ಟೀಚರ ಹಳೆಯ ವಿದ್ಯಾರ್ಥಿ. "ಟೀಚರ್, ಅಡಿಯಲ್ಲಿ ಟೇಬಲ್ ಉಂಟು. ಬೇರೆ ಎಂತದೂ ಇಲ್ಲ. ಸಾರು ಹಾಕ್ಲಾ?" ಎಂದ. ಆ ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಟೀಚರೇ.

ನಾನು ನೆಟ್ಟಣದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಹೆಸರು ಝೊಹರಾ. ರೈಲ್ವೇ ಸ್ಟೇಷನಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ, ಅಂಗಡಿಯ ಹಿಂದೆಯೇ ನಮ್ಮ ಮನೆ. ನನಗೆ ಜನರ ಮುಖಕ್ಕಿಂತ ಅಳತೆ ಬೇಗ ನೆನಪಿಗೆ ಬರುತ್ತದೆ. ಟೀಚರ್ ಎತ್ತರದ ಹೆಂಗಸು, ಕೈ ಅದಕ್ಕೂ ಉದ್ದ. ರವಕೆಯ ತೋಳು ಮೊಣಕೈ ದಾಟಬೇಕು, ಹಳೆಯ ಕ್ರಮದ ಹಾಗೆ. ಮೊದಲ ಸಲ ಅಂಗಡಿಗೆ ಬಂದಾಗ ಅವರು ಕೇಳಿದ ಒಂದು ವಸ್ತುವನ್ನು ನನ್ನ ಹತ್ತಿರ ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

"ರವಕೆಯ ಒಳಗೆ ಒಂದು ಸಣ್ಣ ಕಿಸೆ ಇಡ್ಲಿಕ್ಕೆ ಆಗ್ತದಾ?"

"ಎಂತಕ್ಕೆ ಟೀಚರ್, ಚಿನ್ನ ಇಡ್ಲಿಕ್ಕಾ?"

"ಚಿನ್ನ ಯಾರಿಗೆ ಬೇಕು ಮಾರಾಯ್ತಿ. ಇದಕ್ಕೆ" ಎಂದು ಒಂದು ಪುಟ್ಟ ಭೂತಕನ್ನಡಿಯನ್ನು ನನ್ನ ಕೈಗೆ ಹಾಕಿದರು. ಕಿಸೆಯ ಅಳತೆ ತೆಗೆಯುವಷ್ಟರಲ್ಲಿ ಅವರು ಅಂಗಡಿಯ ಮೆಟ್ಟಿಲಲ್ಲಿದ್ದ ನನ್ನ ಚಟ್ಟಿಯ ಗುಲಾಬಿಯ ಎಲೆಯನ್ನು ಮಗುಚಿಯಾಗಿತ್ತು.

ಟೀಚರ್ ಹುಟ್ಟಿದ್ದು ಅಜ್ಜಾವರದಲ್ಲಿ, ಮನೆಮಾತು ಅರೆಭಾಷೆ. ಮದುವೆಯಾಗಿ ಪುತ್ತೂರಿಗೆ ಬಂದು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದರು. ನಾನು ಅವರ ಶಿಷ್ಯೆ ಅಲ್ಲ. ಅದನ್ನು ಅವರು ನನ್ನಲ್ಲಿರುವ ಒಂದು ಊನ ಎಂದೇ ತಿಳಿದು, ತಿದ್ದಲು ಹೊರಟರು. ಅಳತೆ ಕೊಡುತ್ತಾ ನಿಂತಲ್ಲೇ ಪಾಠ ಶುರು. ಅವರ ಜೀವನದ ದೊಡ್ಡ ಪ್ರೀತಿ, ದೊಡ್ಡ ದ್ವೇಷ ಎರಡೂ ಒಂದೇ. ಅದು ಗಿಡಗಳಿಗೆ ಬರುವ ತುಕ್ಕು ರೋಗ.

"ತುಕ್ಕು ಅಂದ್ರೆ ಕಬ್ಬಿಣದ್ದಲ್ಲ ಆಯ್ತಾ. ಬಣ್ಣ ಮಾತ್ರ ಅದರದ್ದು. ಇದು ಅಣಬೆಯ ಬಳಗ, ಶಿಲೀಂಧ್ರ. ಜೀವ ಇದ್ದ ಗಿಡದಲ್ಲಿಯೇ ಇರುದು, ಗಿಡ ಸತ್ರೆ ಅದೂ ಸತ್ತಿತು. ಬಾಡಿಗೆಯವನ ಹಾಗೆ. ಮನೆ ಬಿದ್ರೆ ಅವನೂ ಬೀದಿಗೆ. ಆದ್ರೂ ಗೋಡೆ ತಿನ್ನುದು ಬಿಡುದಿಲ್ಲ ನೋಡು!"

ಇನ್ನೊಂದು ದಿನ, ಕುತ್ತಿಗೆಯ ಅಳತೆ ತೆಗೆಯುವಾಗ: "ಅದಕ್ಕೆ ಭಾರೀ ನಿಯತ್ತು ಉಂಟು ಝೊಹರಾ. ಜಾಜಿಯ ತುಕ್ಕು ಅಲಸಂಡೆಗೆ ಬರುದಿಲ್ಲ. ಅಲಸಂಡೆಯದ್ದು ದೇವಕಣಗಿಲೆಗೆ ಬರುದಿಲ್ಲ. ಜಾಜಿಯದ್ದು ಜಾಜಿಗೇ ಹೋಗ್ಬೇಕು. ಎಷ್ಟು ದೂರ ಇದ್ರೂ ಹುಡುಕ್ಕೊಂಡು ಹೋಗ್ತದೆ."

"ಹೇಗೆ ಹೋಗುದು ಟೀಚರ್? ಕಾಲುಂಟಾ ಅದಕ್ಕೆ?"

"ಗಾಳಿ ಉಂಟಲ್ಲ! ನೀನು ಅಲ್ಲಾಡ್ಬೇಡ ಈಗ" ಎಂದರು. ಅಲ್ಲಾಡಬಾರದಿದ್ದುದು ಅವರು.

ನಮ್ಮ ಕಡೆ ಆಗ ಜಾಜಿ ಬೆಳೆಸುವ ಹೆಂಗಸರು ಹೆಚ್ಚಾಗಿದ್ದರು. ಮನೆಯ ಬದಿಗೆ ಒಂದು ಚಪ್ಪರ, ಸಂಜೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿದರೆ ಪೇಟೆಯ ಹೂವಿನಂಗಡಿಗೆ ಹೋಗುತ್ತದೆ. ನಿವೃತ್ತಿಯಾದ ಮೇಲೆ ಟೀಚರಿಗೆ ಇದೇ ಕೆಲಸ. ಶನಿವಾರ ಪುತ್ತೂರಿನಲ್ಲಿ ಲೋಕಲ್ ಗಾಡಿ ಹತ್ತುವರು. ಒಂದು ವಾರ ನರಿಮೊಗರು, ಒಂದು ವಾರ ಕಾಣಿಯೂರು, ಇನ್ನೊಂದು ವಾರ ಎಡಮಂಗಲ, ಮತ್ತೊಂದು ವಾರ ನೆಟ್ಟಣ. ಸ್ಟೇಷನಿನ ಆಚೀಚೆ ಇರುವ ಮನೆಗಳ ಜಾಜಿಯನ್ನು ನೋಡಿ, ಕತ್ತರಿಸುವುದನ್ನು ಕತ್ತರಿಸಿ, ಗಂಧಕದ ಹುಡಿ ನೀರಿಗೆ ಕಲಸಿ ಸಿಂಪಡಿಸುವ ಕ್ರಮ ಹೇಳಿಕೊಟ್ಟು, ಚಾ ಕುಡಿದು ವಾಪಸು. ಬಳ್ಳಿ ಮುಟ್ಟುವ ಮೊದಲು ಸಾಬೂನು ಹಾಕಿ ಕೈ ತೊಳೆಯುವರು, ಮುಟ್ಟಿದ ಮೇಲೆಯೂ ತೊಳೆಯುವರು. ನಮಗೂ ಅದೇ ಉಪದೇಶ. ಆಮೇಲೆ ಆ ಉದ್ದದ ಕೈಯನ್ನು ಮೊಣಕೈವರೆಗೂ ಚಪ್ಪರದೊಳಗೆ ತೂರಿಸಿ, ಕಣ್ಣು ಮುಚ್ಚಿ ಎಲೆಯ ಅಡಿಭಾಗವನ್ನು ಬೆರಳಲ್ಲಿ ಸವರುವರು. ಅವರಿಗೆ ಗುರುತಿಸಲು ಕಣ್ಣೂ ಬೇಕಿರಲಿಲ್ಲ.

ಕಾಣಿಯೂರಿನ ಲಲಿತಕ್ಕ, ಸುಮತಿ ಎಂಬ ಓರಗಿತ್ತಿಯರ ಕಥೆಯನ್ನು ಅವರು ನನಗೆ ಹೇಳುವಾಗ ನಗು ತಡೆಯಲಾರದೆ ಟೇಪನ್ನೇ ಎಳೆದು ಬೀಳಿಸಿದ್ದರು. ಆ ಇಬ್ಬರ ಮನೆ ಪಕ್ಕ ಪಕ್ಕ, ನಡುವಿನ ಬೇಲಿಗೆ ಒಂದೇ ಜಾಜಿ. ಒಂದು ದಿನ ನೋಡಿದರೆ ಬಳ್ಳಿಯ ಮೇಲೆ, ಕೆಳಗೆ, ಅರಸಿನ ಕುಂಕುಮ ಬೆರೆಸಿದಂಥ ಹುಡಿ. ಇವಳು ಮಾಟ ಮಾಡಿಸಿದ್ದು ಎಂದು ಅವಳು, ಅವಳು ಮಾಡಿಸಿದ್ದು ಎಂದು ಇವಳು. ಮಾತು ನಿಂತಿತು. ಮಂತ್ರಿಸಿದ್ದನ್ನು ಮುಟ್ಟಬಾರದೆಂದು ಹೂ ಕೊಯ್ಯುವುದೂ ನಿಂತಿತು. ಟೀಚರ್ ಹೋದವರೇ ಆ ಬಳ್ಳಿಗೆ ಕೈ ತೂರಿಸಿ ಎಲೆ ಮಗುಚಿ, ಇಬ್ಬರನ್ನೂ ಕರೆದು ಒಂದೇ ಭೂತಕನ್ನಡಿಯಲ್ಲಿ ತೋರಿಸಿದರಂತೆ. ಕೆನ್ನೆಗೆ ಕೆನ್ನೆ ತಾಗಿಸಿ ನೋಡಬೇಕಾಯಿತು.

ಲಲಿತಕ್ಕನಿಗೆ ಸಮಾಧಾನಕ್ಕಿಂತ ಬೇಜಾರೇ ಹೆಚ್ಚಾಯಿತು. "ಹಾಗಾದ್ರೆ ನಾವು ಇಷ್ಟು ಸಮಯ ಮಾತು ಬಿಟ್ಟದ್ದು ಎಂತಕ್ಕೆ ಟೀಚರ್?" ಎಂದು ಕೇಳಿದರಂತೆ.

"ಅದಕ್ಕೆ ಬೇರೆ ಎಂತಾದ್ರೂ ಕಾರಣ ಹುಡುಕಿ. ಪಾಪ, ಈ ಹುಡಿಯ ಹೆಸರು ಹೇಳ್ಬೇಡಿ" ಎಂದು ಟೀಚರ್ ಹೇಳಿ ಬಂದರು.

ಇನ್ನು ನನ್ನ ಉಮ್ಮನ ಜಾಜಿ. ನಮ್ಮ ಅಡುಗೆಮನೆಯ ಹಿಂದಿನಿಂದ ಬಾವಿಕಟ್ಟೆಯವರೆಗೆ ಅದರ ಚಪ್ಪರ. ನೆಟ್ಟಣದಲ್ಲಿ ಯಾವ ಜಾತಿಯ ಹುಡುಗಿಗೆ ಮದುವೆಯಾದರೂ ಮುಡಿಗೆ ಆ ಚಪ್ಪರದ ಒಂದು ಮೊಳವಾದರೂ ಹೋಗಬೇಕು. ಉಮ್ಮ ಅದನ್ನು ಮಾರಿದವರಲ್ಲ. ಮಕ್ಕಳಾದ ನಮಗೆ ಸಿಗದ ಮುದ್ದು ಆ ಬಳ್ಳಿಗೆ ಸಿಗುತ್ತಿತ್ತು ಎಂದು ನಾನು ಈಗಲೂ ದೂರುತ್ತೇನೆ. ಉಮ್ಮನ ಮಾತು ಬ್ಯಾರಿ, ಟೀಚರದ್ದು ಅರೆಭಾಷೆ. ಇಬ್ಬರೂ ಜಗಳವಾಡುತ್ತಿದ್ದುದು ತುಳುವಿನಲ್ಲಿ, ರಾಜಿಯಾಗುತ್ತಿದ್ದುದು ಕನ್ನಡದಲ್ಲಿ. ನೆಟ್ಟಣದ ಶನಿವಾರ ಬಂದರೆ ಉಮ್ಮ ಬೆಳಿಗ್ಗೆಯೇ ಬಾಳೆನಾರು ನೆನೆಸಿಡುವರು. ಟೀಚರ್ ಹೊರಡುವಾಗ ತುರುಬಿಗೆ ಹೂ ಮುಡಿಸಿಯೇ ಕಳಿಸುವುದು.

ಒಂದು ಮಳೆಗಾಲದ ಶನಿವಾರ ಟೀಚರ್ ಎಂದಿನಂತೆ ಚಪ್ಪರದೊಳಗೆ ಕೈ ತೂರಿಸಿದವರು ಹಾಗೆಯೇ ನಿಂತರು. ಆಮೇಲೆ ಒಂದು ಚಿಗುರನ್ನು ಬಗ್ಗಿಸಿ ತಂದು ಭೂತಕನ್ನಡಿ ಹಿಡಿದರು. ಚಿಗುರು ದಪ್ಪವಾಗಿ ತಿರುಚಿಕೊಂಡಿತ್ತು.

"ಅಯ್ಯೋ, ಎಂತ ಚಂದ ಉಂಟು ಮಾರಾಯ್ತಿ!" ಅವರ ದನಿಯಲ್ಲಿ ನಿಜವಾದ ಸಂತೋಷ. "ನೋಡು ನೋಡು, ಪುಟ್ಟ ಪುಟ್ಟ ಬಟ್ಟಲಲ್ಲಿ ಕೇಸರಿ ತುಂಬಿಸಿ ಇಟ್ಟ ಹಾಗೆ!"

"ಎಂತ ಚಂದ?" ಉಮ್ಮ ಬಾವಿಕಟ್ಟೆಯಿಂದ ಕೇಳಿದರು. "ನನ್ನ ಮೊಗ್ಗೆಲ್ಲ ಉದುರ್ತಾ ಉಂಟು. ನಿಮಗೆ ಚಂದವಾ ಟೀಚರೇ?"

ಟೀಚರ್ ಭೂತಕನ್ನಡಿಯನ್ನು ಕಿಸೆಗೆ ಹಾಕಿದರು. "ಮೊದಲು ಚಂದ ಕಾಣುದು ನನ್ನ ಕೆಟ್ಟ ಅಭ್ಯಾಸ ಉಮ್ಮ. ತಪ್ಪಾಯ್ತು. ಈಗ ಕತ್ತಿ ಕೊಡಿ" ಎಂದರು.

ರೋಗ ಬುಡದ ಗೆಲ್ಲುಗಳವರೆಗೆ ಇಳಿದಿತ್ತು. ಮೊಣಕಾಲೆತ್ತರ ಬಿಟ್ಟು ಉಳಿದದ್ದನ್ನೆಲ್ಲ ಕಡಿದು, ಮಳೆ ಬಿಟ್ಟಾಗ ಸುಟ್ಟೆವು. ಉಮ್ಮ ಅತ್ತ ಬೆನ್ನು ಹಾಕಿ ಕೂತಿದ್ದರು. ಚಪ್ಪರ ಬೋಳಾಗಿ, ನಮ್ಮ ಹಿತ್ತಿಲಿಗೆ ಅದುವರೆಗೆ ಕಾಣದಿದ್ದ ಬಿಸಿಲು ಬಿತ್ತು. ಟೀಚರ್ ಅವತ್ತು ಮುಡಿಗೆ ಹೂವಿಲ್ಲದೆ ಗಾಡಿ ಹತ್ತಿದರು.

ಆ ವರ್ಷ ತುಕ್ಕು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇತ್ತು. ಟೀಚರ್ ತಲೆ ಕೆಡಿಸಿಕೊಂಡರು. ಕೊನೆಗೆ ಅವರಿಗೆ ಒಂದು ಕಾರಣ ಹೊಳೆಯಿತು, ಅದನ್ನು ಹೇಳಲು ಓಡಿಕೊಂಡೇ ಅಂಗಡಿಗೆ ಬಂದರು.

"ರೈಲು, ಝೊಹರಾ! ನರಿಮೊಗರು ಆಯ್ತು, ಕಾಣಿಯೂರು ಆಯ್ತು, ಎಡಮಂಗಲ ಆಯ್ತು, ಈಗ ನೆಟ್ಟಣ. ಗಾಡಿ ಬರುವ ಕ್ರಮದಲ್ಲಿಯೇ ಬರ್ತಾ ಉಂಟು. ಗಾಡಿ ಹೋಗುವಾಗ ಗಾಳಿ ಎಳೀತದಲ್ಲ? ಆ ಗಾಳಿಗೆ ಹುಡಿ ಹಾರಿ ಹಿಂದಿನಿಂದ ಬರುದು. ಸ್ಟೇಷನಿನ ಹತ್ರದ ಮನೆಗಳಿಗೇ ಯಾಕೆ ಬಂತು ಹೇಳು?"

"ಜಾಲ್ಸೂರಿನ ನಿಮ್ಮ ತಂಗಿ ಮನೆಗೂ ಬಂದಿದೆ ಅಂದ್ರಲ್ಲ ಟೀಚರ್. ಅಲ್ಲಿ ರೈಲು ಎಲ್ಲುಂಟು?"

ಒಂದು ಗಳಿಗೆ ಯೋಚಿಸಿದರು. "ಅದು ಕೇರಳದ್ದು. ಬಾರ್ಡರಿನ ಆಚೆಯಿಂದ ಬಂದದ್ದು" ಎಂದು ತೀರ್ಮಾನ ಕೊಟ್ಟರು.

ಈ ರೈಲಿನ ಸಂಗತಿಯನ್ನು ಅವರು ಎಲ್ಲ ಮನೆಗಳಲ್ಲೂ ಹೇಳಿದರು. ಕಾಣಿಯೂರಿನಲ್ಲಿ ಜಾಜಿ ಬೆಳೆಸುವ ಹೆಂಗಸರೆಲ್ಲ ಸೇರುವ ಒಂದು ಸಭೆಯೂ ನಿಗದಿಯಾಯಿತು, ಮಾತಾಡುವವರು ಕುಸುಮ ಟೀಚರ್. ಅದಕ್ಕೆ ಉಡಲು ಒಂದು ಹಸಿರಂಚಿನ ಸೀರೆ ತೆಗೆದಿದ್ದರು. ಟೀಚರ್ ಯಾವಾಗಲೂ ಗೇರುಹಣ್ಣಿನ ಬಣ್ಣವೋ ಕಾಫಿ ಬಣ್ಣವೋ ತೊಡುವವರು. ಮಣ್ಣಿನಲ್ಲಿ ತಿರುಗುವವಳಿಗೆ ಅದೇ ಸರಿ ಎಂಬ ವಾದ. ನಾನು ಹಟ ಹಿಡಿದೆ. "ಈ ಸಲ ಬಿಳಿ ಹೊಲಿಯುವಾ ಟೀಚರ್. ನೀವು ಬಿಳಿ ಹಾಕಿದ್ದನ್ನು ನಾನು ನೋಡ್ಲೇ ಇಲ್ಲ." ಒಪ್ಪಿದರು. ಒಳಗೆ ಕಿಸೆ ಇಟ್ಟು, ಮೊಣಕೈ ದಾಟುವ ತೋಳಿಟ್ಟು ಹೊಲಿದು ಕಳಿಸಿದೆ.

ಸಭೆಗೆ ಮೊದಲಿನ ಶನಿವಾರ ಅವರು ಅದನ್ನು ತೊಟ್ಟೇ ಬಂದರು. ತೋಳು ಸ್ವಲ್ಪ ಬಿಗಿ, ಬಿಡಿಸಿ ಕೊಡಬೇಕಿತ್ತು. ಸ್ಟೇಷನಿನಿಂದ ಬರುವ ದಾರಿಯಲ್ಲಿ ಒಂದು ಮನೆಯ ಜಾಜಿಯನ್ನು ನೋಡಿ ಬಂದಿದ್ದರು, ಅಲ್ಲಿ ತುಕ್ಕು ಜೋರಿತ್ತು. ಖುಷಿಯಲ್ಲಿದ್ದರು. ಉಮ್ಮನ ಜಾಜಿಯ ಬುಡದಲ್ಲಿ ಚಿಗುರು ಒಡೆದಿದೆ ಎಂದು ನಾನು ಫೋನಿನಲ್ಲಿ ಹೇಳಿದ್ದೆ, ಅದನ್ನು ನೋಡುವ ಆತುರ ಬೇರೆ. ಒಳಗಿನಿಂದ ಉಮ್ಮ "ಬನ್ನಿ ಟೀಚರೇ, ಚಾ ಆಯ್ತು" ಎಂದು ಕರೆಯುತ್ತಿದ್ದರು.

ನಾನು ಅವರ ಬಲತೋಳನ್ನು ಹಿಡಿದು ನೋಡಿದೆ. ನನಗೆ ಕೋಪವೇ ಬಂತು. ಬಿಳಿ ಬಟ್ಟೆಗೆ ತೋಳಿನ ಅಂಚಿನುದ್ದಕ್ಕೂ ಹಳದಿ.

"ಎಂತ ಟೀಚರ್, ಹೊಸ ರವಕೆಗೆ ಅಡುಗೆಮನೆಯ ಅರಸಿನ ಹಿಡಿಸಿದ್ದೀರಲ್ಲ! ಒಂದು ದಿನ ಆದ್ರೂ ಚಂದ ಮಾಡಿ ಹಾಕ್ಬಾರ್ದಾ?"

"ನಾನೆಲ್ಲಿ ಅಡುಗೆ ಮಾಡಿದೆ ಇವತ್ತು" ಎನ್ನುತ್ತಾ ಅವರು ತೋಳನ್ನು ತಿರುಗಿಸಿ ನೋಡಿದರು. ಕಿಸೆಯಿಂದ ಭೂತಕನ್ನಡಿ ತೆಗೆದರು. ನೋಡಿದರು. ಆಮೇಲೆ ನನ್ನ ಸ್ಟೂಲಿನಲ್ಲಿ ಕೂತರು. ಚಂದ ಉಂಟು ಎಂದು ಆ ದಿನ ಹೇಳಲಿಲ್ಲ.

ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಬೆರಳಲ್ಲಿ ಏನನ್ನೋ ಲೆಕ್ಕ ಹಾಕುತ್ತಿದ್ದರು. "ನರಿಮೊಗರಿಗೆ ಹೋದ ಮುಂದಿನ ವಾರ ಕಾಣಿಯೂರು. ಅದರ ಮುಂದಿನ ವಾರ ಎಡಮಂಗಲ. ಮತ್ತೆ ಇಲ್ಲಿಗೆ. ಜಾಲ್ಸೂರಿಗೆ ಬಸ್ಸಿನಲ್ಲಿ ಹೋದದ್ದೂ ನಾನೇ." ಮುಖ ಎತ್ತಿದರು. "ರೈಲಲ್ಲ ಝೊಹರಾ. ನಾನು."

"ನೀವು ಕೈ ತೊಳೀತೀರಲ್ಲ ಟೀಚರ್."

"ಕೈ ತೊಳ್ದೆ. ತೋಳು ಯಾರು ತೊಳ್ದದ್ದು? ಕಾಫಿ ಬಣ್ಣದ ರವಕೆಯಲ್ಲಿ ಇದು ಕಾಣ್ಲೇ ಇಲ್ಲ. ಕೊಳೆ ಆಗದಿದ್ರೆ ಇನ್ನೊಂದು ಶನಿವಾರಕ್ಕೂ ಅದನ್ನೇ ಹಾಕ್ತಿದ್ದೆ. ಉಮ್ಮನ ಬಳ್ಳಿಗೆ ತಂದು ಹಾಕಿದ್ದು ನಾನೇ ಮಾರಾಯ್ತಿ."

ಎದ್ದರು. ಹಿಂದಿನ ಬಾಗಿಲಿನ ಕಡೆ ಒಮ್ಮೆ ನೋಡಿದರು. ಅಲ್ಲಿಂದ ನಾಲ್ಕು ಹೆಜ್ಜೆ ಇಟ್ಟರೆ ಚಿಗುರು ಕಾಣುತ್ತಿತ್ತು. ತೋಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಎದುರಿನ ಬಾಗಿಲಿನಿಂದಲೇ ಸ್ಟೇಷನಿಗೆ ಹೋಗಿಬಿಟ್ಟರು. ಉಮ್ಮ ಚಾ ಹಿಡಿದುಕೊಂಡು ಬಂದು, "ಎಲ್ಲಿ?" ಎಂದು ಕೇಳಿದರು. ನಾನು ಸ್ಟೇಷನಿನ ದಾರಿಯ ಕಡೆ ಕೈ ತೋರಿಸಿದೆ.

ಸಭೆಗೆ ಅವರು ಬರಲಿಕ್ಕಿಲ್ಲ ಎಂದು ನಾನು ಎಣಿಸಿದ್ದೆ. ಬಂದರು. ಹಳೆಯ ಕಾಫಿ ಬಣ್ಣದ ರವಕೆಯನ್ನು ಒಗೆದು ಇಸ್ತ್ರಿ ಹಾಕಿ ತೊಟ್ಟಿದ್ದರು. ಬಿಳಿ ರವಕೆ ಪ್ಲಾಸ್ಟಿಕ್ ಚೀಲದೊಳಗೆ, ಬಾಯಿಗೆ ಬಿಗಿಯಾಗಿ ಗಂಟು. ಉಮ್ಮನೂ ಬಂದು ನನ್ನ ಪಕ್ಕ ಕೂತಿದ್ದರು. ನನಗೆ ಹೆದರಿಕೆ ಇದ್ದದ್ದು ಒಂದೇ. ಆ ಹೆಂಗಸಿಗೆ ಜನರ ಅಂಗಳವೇ ಶಾಲೆ, ಅಂಗಳವೇ ನೆಂಟಸ್ತಿಕೆ. ಇಂದು ಇವರೆಲ್ಲ ಮುಖ ತಿರುಗಿಸಿದರೆ ಅವರು ಶನಿವಾರ ಯಾವ ಗಾಡಿ ಹತ್ತುವುದು?

"ನಾನು ರೈಲಿನ ವಿಷಯ ಹೇಳ್ತೇನೆ ಅಂತ ನಿಮ್ಮನ್ನೆಲ್ಲ ಕರೆದದ್ದು" ಎಂದು ಟೀಚರ್ ಶುರು ಮಾಡಿದರು. "ಮೊದಲು ರೈಲಿನ ಹತ್ರ ಕ್ಷಮೆ ಕೇಳ್ತೇನೆ. ಸುಮ್ಮನೆ ಅದರ ಮೇಲೆ ಹಾಕಿದೆ. ಮತ್ತೆ ನಿಮ್ಮ ಹತ್ರ ಕೇಳ್ತೇನೆ." ಚೀಲವನ್ನು ಎತ್ತಿ ಹಿಡಿದು, ತೋಳಿನ ಹಳದಿಯನ್ನು ತೋರಿಸಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. "ಗಾಳಿಯೂ ತಂದಿರ್ಬಹುದು. ಅದು ಗಾಳಿಯ ಕೆಲಸ. ಆದ್ರೆ ಗಾಳಿಗೆ ಸಹಾಯಕ್ಕೆ ಹೋದವಳು ನಾನು. ಇನ್ನು ಅಂಗಳಕ್ಕೆ ಬರುದಿಲ್ಲ. ಎಲೆ ಮಗುಚಿ ನೋಡ್ಲಿಕ್ಕೆ ಈಗ ನಿಮಗೆಲ್ಲ ಬರ್ತದೆ."

  ಆಗ ಹಿಂದಿನ ಬೆಂಚಿನಿಂದ ಲಲಿತಕ್ಕ ಎದ್ದು ನಿಂತರು. ಪಕ್ಕದಲ್ಲೇ ಸುಮತಿ ಕೂತಿದ್ದಳು.

"ಹಾಗಾದ್ರೆ ಆ ಮಾಟ ಮಾಡಿದ್ದು ನೀವಾ ಟೀಚರ್? ನಾನು ಪಾಪದ ಇವಳ ಮೇಲೆ ಹಾಕಿದೆನಲ್ಲ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕರು, ಕಣ್ಣು ಒರೆಸಿಕೊಂಡರು. ನಗದಿದ್ದವರು ಉಮ್ಮ ಒಬ್ಬರೇ. ನೆಟ್ಟಣ ಬರುವವರೆಗೂ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಟೀಚರ್ ಹೇಳಿದಂತೆಯೇ ಬರುವುದನ್ನು ನಿಲ್ಲಿಸಿದರು. ಶನಿವಾರದ ಗಾಡಿ ಬಂತು, ಹೋಯಿತು. ಉಮ್ಮ ಬಾಳೆನಾರು ನೆನೆಸಲಿಲ್ಲ, ಹೂವೇ ಇರಲಿಲ್ಲವಲ್ಲ. ಟೀಚರ ಹೆಸರೂ ಎತ್ತಲಿಲ್ಲ. ಸಿಟ್ಟು ಇಳಿದಿಲ್ಲ ಎಂದು ನಾನೂ ಸುಮ್ಮನಿದ್ದೆ. ಕೆಲವು ವಾರ ಹೀಗೆಯೇ ಹೋಯಿತು. ಒಂದು ದಿನ ಉಮ್ಮ ಹೊಲಿಗೆ ಮಿಷನಿನ ಪಕ್ಕ ಬಂದು ನಿಂತು, "ಆ ಟೀಚರಿಗೆ ಫೋನ್ ಮಾಡು" ಎಂದರು.

ನಾನು ಹೆದರಿಕೊಂಡೇ ಮಾಡಿ ಕೊಟ್ಟೆ. ಉಮ್ಮನಿಗೆ ಫೋನೆಂದರೆ ದೂರಕ್ಕೆ ಕೂಗುವುದು ಎಂದೇ ಲೆಕ್ಕ.

"ಟೀಚರೇ! ನನ್ನ ಚಿಗುರು ಗೇಣುದ್ದ ಆಯ್ತು. ಅದರ ಅಡಿ ನೋಡುವವರು ಯಾರು? ನನಗೆ ಕಣ್ಣು ಕಾಣುದಿಲ್ಲ, ಇವಳಿಗೆ ಪುರುಸೊತ್ತಿಲ್ಲ."

ಆ ಕಡೆಯಿಂದ ಟೀಚರ್ ಏನೋ ಹೇಳಿದರು. ತಾನು ಬಂದರೆ ಚಿಗುರಿಗೆ ಒಳ್ಳೆಯದಲ್ಲ ಎಂದಿರಬೇಕು.

"ಅಂಗಿಯಲ್ಲಿ ರೋಗ ಉಂಟಾದ್ರೆ ಅಂಗಿ ಬದಲಿಸಿ. ಮನುಷ್ಯರನ್ನು ಬದಲಿಸ್ಲಿಕ್ಕೆ ಆಗ್ತದಾ? ನಿಮಗೆ ಇಲ್ಲಿ ಒಂದು ಅಂಗಿ ಇರ್ತದೆ. ಬಂದು ಅದನ್ನು ಹಾಕಿ, ನೋಡಿ, ಬಿಚ್ಚಿಟ್ಟು ಹೋಗಿ. ಒಗೆಯುದು ನಾನು." ಫೋನನ್ನು ನನ್ನ ಕೈಗೆ ತುರುಕಿ, "ಬಿಳಿಯದ್ದೇ ಹೊಲಿ. ಹುಡಿ ಕಾಣ್ಬೇಕು" ಎಂದು ಒಳಗೆ ಹೋದರು.

ನಾನು ಬಿಳಿ ಬಟ್ಟೆಯಲ್ಲಿ ಸೀರೆಯ ಮೇಲೆ ತೊಡುವಂಥ ಒಂದು ಉದ್ದ ಅಂಗಿ ಹೊಲಿದೆ. ಮಣಿಕಟ್ಟಿನವರೆಗೆ ತೋಳು, ಎದೆಗೆ ಭೂತಕನ್ನಡಿಯ ಕಿಸೆ. ಹಿತ್ತಿಲ ಚಾವಡಿಯ ಮೊಳೆಯಲ್ಲಿ ಅದನ್ನು ತೂಗುಹಾಕಿದೆವು. ಮುಂದಿನ ಶನಿವಾರ ಟೀಚರ್ ಬಂದರು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೈ ತೊಳೆದು, ಆ ಅಂಗಿ ತೊಟ್ಟು ನಿಂತಾಗ ಉಮ್ಮ ಅವರನ್ನು ಸುತ್ತು ಬಂದು ಪರೀಕ್ಷೆ ಮಾಡಿದರು. "ಈಗ ಹೋಗಿ" ಎಂದು ಅಪ್ಪಣೆ ಕೊಟ್ಟರು. ಟೀಚರ್ ಚಿಗುರಿನ ಎಲೆಗಳನ್ನು ಒಂದೊಂದಾಗಿ ಮಗುಚಿದರು.

"ಎಂತದೂ ಇಲ್ಲ" ಎಂದರು.

"ನಿಮಗೆ ಬೇಜಾರಾ?" ಉಮ್ಮ ಕೇಳಿದರು.

"ಸ್ವಲ್ಪ" ಎಂದು ಟೀಚರ್ ಒಪ್ಪಿಕೊಂಡರು. ಆಗ ಉಮ್ಮ ಮೊದಲ ಸಲ ನಕ್ಕರು.

ಸುದ್ದಿ ಕಾಣಿಯೂರಿಗೆ ಹೋಯಿತು. ನಮಗೂ ಒಂದು ಅಂಗಿ ಇರಲಿ ಎಂದು ಲಲಿತಕ್ಕ ಹೇಳಿ ಕಳಿಸಿದರು. ಬಳ್ಳಿ ಒಂದೇ ಆದರೂ ಓರಗಿತ್ತಿಯರಿಗೆ ಎರಡು ಅಂಗಿ ಬೇಕಾಯಿತು, ಅದಕ್ಕೆ ಬೇರೆ ಮಾತಾಯಿತಂತೆ. ಎಡಮಂಗಲದವರು ಕೇಳಿದರು, ನರಿಮೊಗರಿನವರು ಕೇಳಿದರು. ಜಾಲ್ಸೂರಿನ ತಂಗಿಯ ಮನೆಗೂ ಒಂದು ಹೋಯಿತು. ಎಲ್ಲದಕ್ಕೂ ಒಂದೇ ಅಳತೆ, ನನಗೆ ಟೇಪೇ ಬೇಕಾಗುತ್ತಿರಲಿಲ್ಲ. ಒಗೆದು ಒಣಹಾಕುವ ದಿನ ಹಳಿಯ ಬದಿಯ ಅಂಗಳಗಳಲ್ಲಿ ಅವು ಹಾರಾಡುತ್ತಿದ್ದವು. "ಗಾಡಿಯ ಕಿಟಕಿಯಲ್ಲಿ ಕೂತ್ರೆ ದಾರಿಯುದ್ದಕ್ಕೂ ನಾನೇ ನೇತಾಡ್ತಾ ಇರ್ತೇನೆ ಮಾರಾಯ್ತಿ" ಎಂದು ಟೀಚರ್ ನಗುತ್ತಿದ್ದರು. ತುಕ್ಕು ಪೂರ್ತಿ ಹೋಯಿತು ಎಂದು ಹೇಳಲಾರೆ. ಗಾಳಿ ತನ್ನ ಕೆಲಸ ಬಿಟ್ಟಿರಲಿಲ್ಲ. ಆದರೆ ಬೇಗ ಕಣ್ಣಿಗೆ ಬೀಳುತ್ತಿತ್ತು, ಒಂದೆರಡು ಗೆಲ್ಲು ಕತ್ತರಿಸಿದರೆ ಮುಗಿಯುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಉಮ್ಮನ ಚಪ್ಪರ ಮತ್ತೆ ಮುಚ್ಚಿತು. ಮೊದಲು ಬಿಟ್ಟ ಮೊಗ್ಗನ್ನು ಉಮ್ಮ ಯಾರಿಗೂ ಕೊಡಲಿಲ್ಲ. ಶನಿವಾರದವರೆಗೆ ಕಾದು, ಆ ಸಂಜೆಯ ಮೊಗ್ಗನ್ನು ಕಟ್ಟಿ ಟೀಚರ ತುರುಬಿಗೆ ತಾವೇ ಮುಡಿಸಿದರು. ಎತ್ತರದ ಹೆಂಗಸು, ಬಾವಿಕಟ್ಟೆಯಲ್ಲಿ ಕೂರಿಸಿ ಮುಡಿಸಬೇಕಾಯಿತು. ನಾನು ಸ್ಟೇಷನಿನವರೆಗೆ ಹೋದೆ. ಗಾಡಿ ಹೊರಡುವಾಗ ಟೀಚರ್ ಕಿಟಕಿಯಿಂದ ನನಗೆ ಕೈ ಬೀಸಬೇಕಿತ್ತು. ಬೀಸಲಿಲ್ಲ. ಎದುರು ಸೀಟಿನ ಹೆಂಗಸು ಮಡಿಲಲ್ಲಿ ಒಂದು ಗಿಡದ ಚಟ್ಟಿ ಇಟ್ಟುಕೊಂಡಿದ್ದಳು, ಟೀಚರ್ ಅದರ ಎಲೆ ಮಗುಚುತ್ತಿದ್ದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ.

ಮುಂದಿನ ವಾರ ಪುತ್ತೂರಿನ ಮನೆಯಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಕೂತಲ್ಲೇ ಹೋದರು. ನಾವೆಲ್ಲ ಹೋಗಿದ್ದೆವು, ಹಳಿಯುದ್ದದ ಹೆಂಗಸರೆಲ್ಲ. ಯಜಮಾನರು ಮನೆಯೆದುರಿನ ಕ್ರೋಟನ್ ಗಿಡದ ಪಕ್ಕ ನಿಂತಿದ್ದರು. ಯಾರೋ ಬಂದು ಕೈ ಹಿಡಿದಾಗಲೂ ಅವರ ಇನ್ನೊಂದು ಕೈ ಒಂದು ಎಲೆಯ ತುದಿಯಲ್ಲೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅಂಗಿಗಳನ್ನು ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ನಮ್ಮ ಚಾವಡಿಯ ಮೊಳೆಯಲ್ಲಿದ್ದುದು ಹಾಗೆಯೇ ಇತ್ತು. ಉಮ್ಮ ವಾರಕ್ಕೊಮ್ಮೆ ಅದನ್ನು ಒಗೆದು, ಒಣಗಿಸಿ, ಮತ್ತೆ ತೂಗುಹಾಕುತ್ತಿದ್ದರು. ತೊಡುವವರಿಲ್ಲದ ಅಂಗಿಗೆ ಕೊಳೆ ಎಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ.

ಮೊನ್ನೆ ಒಂದು ಶನಿವಾರ ಉಮ್ಮ ಆ ಅಂಗಿಯನ್ನು ತೊಟ್ಟುಕೊಂಡೇ ಅಂಗಡಿಗೆ ಬಂದರು. ಉಮ್ಮ ಗಿಡ್ಡ. ಅಂಗಿ ನೆಲಕ್ಕೆ ಎಳೆಯುತ್ತಿತ್ತು, ಕೈಗಳು ತೋಳಿನೊಳಗೆ ಎಲ್ಲೋ ಕಳೆದುಹೋಗಿದ್ದವು.

"ಉದ್ದ ಆಗ್ತದೆ. ಕಡಿಮೆ ಮಾಡಿ ಕೊಡು" ಎಂದರು.

ಕತ್ತರಿ ಕೈಗೆ ತೆಗೆದುಕೊಂಡೆ. ಆಗಲಿಲ್ಲ. ತೋಳನ್ನೂ ಅಂಚನ್ನೂ ಒಳಕ್ಕೆ ಮಡಚಿ, ಬೇಕೆಂದಾಗ ಬಿಚ್ಚುವ ಹಾಗೆ ದೂರ ದೂರ ಹೊಲಿಗೆ ಹಾಕಿ ಕೊಟ್ಟೆ. ಉಮ್ಮ ಕಿಸೆಗೆ ತಮ್ಮ ಕನ್ನಡಕ ಹಾಕಿಕೊಂಡು, ಕೈ ತೊಳೆದು, ಚಪ್ಪರದ ಕೆಳಗೆ ಹೋದರು. ಕೈಗೆ ಎಟಕುವ ಎಲೆಗಳನ್ನು ಒಂದೊಂದಾಗಿ ಮಗುಚಿ, ಕನ್ನಡಕ ಹಾಕಿ, ಬಗ್ಗಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಎಂತದೂ ಇಲ್ಲ" ಎಂದರು ಉಮ್ಮ. ದನಿಯಲ್ಲಿದ್ದ ಬೇಜಾರನ್ನು ಅಡಗಿಸಲು ಅವರಿಗೂ ಆಗಲಿಲ್ಲ.